ಓದುಗರ ಪ್ರಶ್ನೆ: ಕ್ಯಾಂಪರ್ ವ್ಯಾನ್ ಕೊಲ್ಹಾಪುರದ ಗುಡಿ ತನಕ ಹೋಗುತ್ತಾ?

"ನಾವು ಜತ್ತದವರು. ದೀಪಾವಳಿ ರಜೆಗೆ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅವ್ವ. ಮೊದಲ ಊರೇ ಕೊಲ್ಹಾಪುರ. ಅಂಬಾಬಾಯಿ ಗುಡಿ ಹತ್ತಿರ ವ್ಯಾನ್ ನಿಲ್ಲಿಸಿ ಹಳೇ ಊರು ನೋಡೋಕೆ ಆಗುತ್ತಾ? ಒಂದು ದಿನ ಸಾಕಾ?"

ಆಗಲ್ಲ ಅಣ್ಣಾವ್ರೆ. ಗುಡಿ ಹತ್ತಿರ ವ್ಯಾನ್ ನಿಲ್ಲಿಸೋ ಆಸೆ ಬಿಟ್ಟುಬಿಡಿ. ಊರನ್ನು ಮಾತ್ರ ಆರಾಮಾಗಿ ನೋಡಬಹುದು, ವ್ಯಾನ್ ಹೊರಗಿದ್ದರೆ. ಮನೆ ಹೊತ್ತುಕೊಂಡು ಯಾರಾದ್ರೂ ಸಂತೆಗೆ ಹೋಗ್ತಾರಾ?

ನಾನು ಗಡಹಿಂಗ್ಲಜದವನು. ಬಟ್ಟೆ, ಪುಸ್ತಕ, ಆಸ್ಪತ್ರೆ, ಎಲ್ಲಕ್ಕೂ ನಮ್ಮ ಕಡೆಯವರಿಗೆ ಕೊಲ್ಹಾಪುರವೇ ಪೇಟೆ. ಸಣ್ಣ ಕಾರು ಇರುವವರೇ ಗುಡಿ ಮುಂದಿನ ಮಹಾದ್ವಾರ ರಸ್ತೆಗೆ ಕಾರು ಒಯ್ಯಲು ಹಿಂದೆಮುಂದೆ ನೋಡುತ್ತಾರೆ. ಎರಡೂ ಬದಿ ಅಂಗಡಿ, ಅಂಗಡಿ ಮುಂದೆ ಹೂವು, ಬಳೆ, ಸೀರೆ ಮಾರುವವರು, ನಡುವೆ ಬೈಕು. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ವ್ಯಾನಿಗೆ ಅಗಲಕ್ಕಿಂತ ಎತ್ತರದ್ದೇ ಚಿಂತೆ. ಮೇಲೆ ಸೋಲಾರ್ ಪ್ಯಾನೆಲ್ಲು, ಎಸಿ ಡಬ್ಬಿ ಇರುತ್ತೆ. ಇಲ್ಲಿ ಅಂಗಡಿಯ ಪರದೆ, ಕೇಬಲ್ ವೈರು ಎಲ್ಲ ತಲೆ ಮೇಲೇ ತೂಗುತ್ತಿರುತ್ತವೆ. ಒಳಗೆ ಹೊಕ್ಕ ಮೇಲೆ ಹಿಂದಕ್ಕೆ ತೆಗೆಯೋದು ಅಂದ್ರೆ ಇಡೀ ಓಣಿಯವರ ಬಾಯಿಗೆ ಬೀಳಬೇಕು.

ನೀವು ಮಿರಜ ಕಡೆಯಿಂದ ಬರುತ್ತೀರಿ. ಶಿರೋಳಿಯ ಸಾಂಗಲಿ ಫಾಟಾದಲ್ಲಿ ಹೆದ್ದಾರಿ ಸಿಗುತ್ತೆ. ಪಂಚಗಂಗಾ ಸೇತುವೆ ದಾಟಿದರೆ ಊರಿಗೆ ತಿರುಗುವ ತಾವಡೆ ಹೋಟೆಲ್ ಚೌಕ. ಆ ಆಸುಪಾಸಿನಲ್ಲೇ ದೊಡ್ಡ ಅಂಗಳ ಇರುವ ಲಾಡ್ಜು ನೋಡಿ, ಕೇಳಿ, ದುಡ್ಡು ಕೊಟ್ಟು ನಿಲ್ಲಿಸಿ. ರಾತ್ರಿಗೂ ಅದೇ ಜಾಗ ಆಗುತ್ತೆ. ಬಿಂದು ಚೌಕದಲ್ಲಿ ಪಾರ್ಕಿಂಗ್ ಇದೆ ಅಂತ ಯಾರಾದರೂ ಹೇಳುತ್ತಾರೆ. ಇದೆ, ನಿಜ. ಆದರೆ ರಜೆ ದಿನ ಅಲ್ಲಿ ಕಾರಿಗೇ ಜಾಗ ಸಿಕ್ಕರೆ ಪುಣ್ಯ. ವ್ಯಾನ್ ಬಿಡುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಚಿನ್ನ, ಕಾಗದಪತ್ರ ಜೊತೆಗಿರಲಿ. ಅಲ್ಲಿಂದ ಗುಡಿಗೆ ರಿಕ್ಷಾ.

ವಾರದಲ್ಲಿ ಮಂಗಳವಾರ, ಶುಕ್ರವಾರ ದೇವಿಯ ದಿನ, ಪಾಳಿ ಉದ್ದ. ಭಾನುವಾರದ ಕಥೆ ಕೇಳಲೇಬೇಡಿ. ಬೇರೆ ದಿನ ಆರಿಸಿಕೊಂಡು ನಸುಕಿನಲ್ಲೇ ಹೋಗಿ. ಅವ್ವನಿಗೆ ತಾಸುಗಟ್ಟಲೆ ನಿಲ್ಲೋಕೆ ಆಗದಿದ್ದರೆ ಮುಖದರ್ಶನದ ಪಾಳಿ ಬೇರೆ ಇದೆ. ಸ್ವಲ್ಪ ದೂರದಿಂದ ದೇವಿಯ ಮುಖ ನೋಡಿ ಬರೋದು, ಬೇಗ ಮುಗಿಯುತ್ತೆ. ನಿಮ್ಮ ರಜೆ ನವೆಂಬರ್ 9, 10, 11ಕ್ಕೆ ತಾಗುತ್ತಾ ನೋಡಿಕೊಳ್ಳಿ. ಆ ಮೂರು ದಿನ ಕಿರಣೋತ್ಸವ. ಮೂರ್ತಿ ಪಶ್ಚಿಮಕ್ಕೆ ಮುಖ ಮಾಡಿದೆ. ಮುಳುಗುವ ಸೂರ್ಯನ ಬೆಳಕು ಮಹಾದ್ವಾರದಿಂದ ಒಳಗೆ ಬಂದು ಮೊದಲ ದಿನ ಪಾದ, ಎರಡನೇ ದಿನ ಎದೆ, ಮೂರನೇ ದಿನ ಮುಖ ಮುಟ್ಟಬೇಕು ಅನ್ನೋದು ಲೆಕ್ಕ. ಮೋಡ ಇದ್ದರೆ, ದಾರಿಗೆ ಕಟ್ಟಡ ಅಡ್ಡ ಬಂದರೆ ತಪ್ಪುತ್ತೆ. ಜನವರಿ 31ರಿಂದ ಫೆಬ್ರವರಿ 2ರವರೆಗೆ ಇನ್ನೊಮ್ಮೆ ಆಗುತ್ತೆ. ಆ ಸಂಜೆಗಳಲ್ಲಿ ಅವ್ವನನ್ನು ಗುಡಿಗೆ ಕರೆದೊಯ್ಯಬೇಡಿ, ಅಷ್ಟು ನೂಕುನುಗ್ಗಲು.

ದರ್ಶನ ಆದ ಕೂಡಲೇ ಎಲ್ಲರೂ ಚಪ್ಪಲಿ ಹುಡುಕುತ್ತಾ ಓಡುತ್ತಾರೆ. ನೀವು ಓಡಬೇಡಿ. ಕಪ್ಪು ಕಲ್ಲಿನ ಹೊರಗೋಡೆಯನ್ನು ಒಂದು ಸುತ್ತು ನೋಡಿ. ಕೋನ ಕೋನವಾಗಿ ಮಡಚಿದ ಗೋಡೆ, ಅದರ ತುಂಬ ಯೋಗಿನಿಯರ ಕೆತ್ತನೆ. ಇಲ್ಲಿ ಆಳಿದ ಶಿಲಾಹಾರರ ಶಾಸನಗಳಲ್ಲಿ ಕನ್ನಡವೂ ಇದೆ, ಮಕ್ಕಳಿಗೆ ಹೇಳಿ. ಜತ್ತದ ಮಕ್ಕಳಿಗೆ ಇದು ಖುಷಿ ಕೊಡೋ ವಿಷಯ ಅಲ್ವಾ?

ಪಶ್ಚಿಮಕ್ಕೆ ಹೊರಟರೆ ಗಂಗಾವೇಸ್. ಅಲ್ಲಿ ದೂಧ್ ಕಟ್ಟೆ ಇದೆ. ಎಮ್ಮೆಯನ್ನೇ ತಂದು ಕಟ್ಟಿರುತ್ತಾರೆ. ನಿಮ್ಮ ಕಣ್ಣೆದುರೇ ಕರೆದು, ಕಾಯಿಸದೆ, ಲೋಟಕ್ಕೆ ಕೊಡುತ್ತಾರೆ. ಲೋಟದ ಮೇಲರ್ಧ ಬರೀ ನೊರೆ, ಇನ್ನೂ ಬೆಚ್ಚಗೆ. ಕುಡಿದವರ ಮೀಸೆಗೆಲ್ಲ ಬಿಳಿ. ಪೈಲ್ವಾನರ ಊರಿಗೆ ತಕ್ಕ ತಿಂಡಿ! ಹಸಿ ಹಾಲು ಒಗ್ಗದವರು, ಚಿಕ್ಕ ಮಕ್ಕಳು ಸುಮ್ನೆ ನೋಡಿದರೆ ಸಾಕು. ಬೆಳಗ್ಗೆ ಇಲ್ಲವೇ ಸಂಜೆ ಹೋಗಬೇಕು, ಮಧ್ಯಾಹ್ನ ಎಮ್ಮೆ ಇರಲ್ಲ.

ಗುಡಿಯ ಇನ್ನೊಂದು ಬದಿಗೆ ಭವಾನಿ ಮಂಟಪ, ಅದರಾಚೆ ಖಾಸಬಾಗ್ ಕುಸ್ತಿ ಮೈದಾನ. ಶಾಹೂ ಮಹಾರಾಜರು ಕಟ್ಟಿಸಿದ್ದು, 1912ರಲ್ಲಿ ಶುರುವಾಯಿತು. ತಗ್ಗಿನಲ್ಲಿ ಕೆಂಪು ಮಣ್ಣಿನ ಕಣ, ಸುತ್ತ ಮೇಲೇರುತ್ತಾ ಹೋಗುವ ಕೂರುವ ಜಾಗ. ಎಲ್ಲಿ ಕೂತರೂ ಕುಸ್ತಿ ಕಾಣುತ್ತೆ. ಅಲ್ಲೇ ಹತ್ತಿರ ಚಪ್ಪಲ್ ಲೈನ್, ಅಂದ್ರೆ ಕೊಲ್ಹಾಪುರಿ ಚಪ್ಪಲಿ ಅಂಗಡಿಗಳ ಸಾಲು. ಬೆಲೆ ಕೇಳಿ ಗಾಬರಿಯಾಗಬೇಡಿ, ಚೌಕಾಸಿ ಮಾಡಿ. ಅಂದಹಾಗೆ, ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ (ಇಂಥ ಕಡೆಯದೇ ಸರಕು ಅಂತ ಹೇಳೋ ಸರಕಾರಿ ಗುರುತು) ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ 4 ಜಿಲ್ಲೆ ಇವೆ. ನಿಮ್ಮ ಸಾಂಗಲಿಯೂ ಇದೆ, ಆಚೆ ಬೆಳಗಾವಿಯೂ ಇದೆ. ಇಷ್ಟು ಹೊತ್ತಿಗೆ ಅವ್ವನ ಕಾಲು ಸೋತಿರುತ್ತೆ, ರಿಕ್ಷಾ ಹಿಡಿದು ವ್ಯಾನಿಗೆ ವಾಪಸ್ ಬನ್ನಿ.

ಟೌನ್ ಹಾಲ್ ಮ್ಯೂಸಿಯಂ ಬಿಡಬೇಡಿ. ಬ್ರಹ್ಮಪುರಿ ದಿಬ್ಬದಲ್ಲಿ ಅಗೆದಾಗ ಸಿಕ್ಕ ಪೊಸೈಡನ್ ಅನ್ನೋ ಗ್ರೀಕ್ ಸಮುದ್ರ ದೇವರ ಕಂಚಿನ ಪುಟ್ಟ ಮೂರ್ತಿ ಅಲ್ಲಿನದು. ರೋಮ್ ಕಡೆಯ ವ್ಯಾಪಾರ ಪಂಚಗಂಗಾ ದಡದ ತನಕ ಬಂದಿತ್ತು ಅನ್ನೋದಕ್ಕೆ ಸಾಕ್ಷಿ. ನ್ಯೂ ಪ್ಯಾಲೇಸ್ ಕಸಬಾ ಬಾವಡಾ ರಸ್ತೆಯಲ್ಲಿದೆ, ಹಳೇ ಪೇಟೆಯ ಗದ್ದಲದಿಂದ ಹೊರಗೆ. ಅಲ್ಲಿಗೆ ವ್ಯಾನ್ ಒಯ್ಯಬಹುದು. ರಂಕಾಳ ಕೆರೆ ಸಂಜೆಗೆ ಚೆಂದ, ಆದರೆ ದಂಡೆಯಲ್ಲಿ ವ್ಯಾನ್ ಹಾಕಿ ಮಲಗುವ ಯೋಚನೆ ಬೇಡ. ಪಾತ್ರೆ ತೊಳೆದ ನೀರು, ಟಾಯ್ಲೆಟ್ ಟ್ಯಾಂಕು ಕೆರೆಗಾಗಲಿ ಹೊಳೆಗಾಗಲಿ ಬಿಡಲೇಬೇಡಿ.

ಮಳೆಗಾಲದಲ್ಲಿ ಬರೋರಿಗೂ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಪಂಚಗಂಗಾ ಉಕ್ಕಿ ಶಿರೋಳಿ ಹತ್ತಿರ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಜುಲೈ, ಆಗಸ್ಟ್‌ನಲ್ಲಿ ಹೊಳೆ ಪಕ್ಕದ ತಗ್ಗಿನಲ್ಲಿ ಗಾಡಿ ನಿಲ್ಲಿಸಬೇಡಿ.

ಒಂದು ದಿನ ಸಾಕಾ ಅಂದ್ರಿ. ಹಳೇ ಊರಿಗೆ ಸಾಕು. ಎರಡನೇ ದಿನ ಪನ್ಹಾಳಕ್ಕೆ ಇಡಿ. ಸುಮಾರು 20 ಕಿಲೋಮೀಟರ್ ಘಾಟ್ ದಾರಿ, ವ್ಯಾನ್ ಹತ್ತುತ್ತೆ. ಶಿಲಾಹಾರರ ಕಾಲದ ಕೋಟೆ. 1660ರಲ್ಲಿ ಬಿಜಾಪುರದ ಸರದಾರ ಸಿದ್ದಿ ಜೌಹರ್ ಮುತ್ತಿಗೆ ಹಾಕಿದಾಗ ಶಿವಾಜಿ ಮಹಾರಾಜರು ಮಳೆಯ ರಾತ್ರಿಯಲ್ಲಿ ವಿಶಾಳಗಡಕ್ಕೆ ಪಾರಾಗಿದ್ದು ಇಲ್ಲಿಂದಲೇ. 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಬರೋದು ಜಾಸ್ತಿ, ಬೆಳಗ್ಗೆಯೇ ಹೋಗಿ. ತೀನ್ ದರವಾಜಾ ಮತ್ತು ಅಂಬರಖಾನಾ ಕಣಜ, ಇವೆರಡನ್ನೇ ನಿಧಾನಕ್ಕೆ ನೋಡಿ. ಬರುವಾಗ ಜ್ಯೋತಿಬಾ ಗುಡ್ಡಕ್ಕೂ ಹೋಗಬೇಕು ಅನ್ನಿಸಿದರೆ ಭಾನುವಾರ ಮಾತ್ರ ಬೇಡ. ಅದು ದೇವರ ವಾರ, ಗುಲಾಲು ಎರಚುತ್ತಾರೆ. ವ್ಯಾನ್ ಬಾಡಿಗೆಯದು ಅಂದಿರಿ. ಸೀಟಿಗೆ ಹತ್ತಿದ ಗುಲಾಲು ಸುಲಭಕ್ಕೆ ಹೋಗಲ್ಲ, ಮಾಲೀಕ ಡಿಪಾಸಿಟ್ ಹಿಡಿದುಕೊಳ್ಳುತ್ತಾನೆ.