ರೂನ್‌ಗಳು ಮಂತ್ರಾಕ್ಷರಗಳೇ?

ಪ್ರಶ್ನೆ: ವೈಕಿಂಗರ ರೂನ್ ಅಕ್ಷರಗಳಲ್ಲಿ ಒಂದೊಂದಕ್ಕೂ ಒಂದೊಂದು ಗೂಢಾರ್ಥ ಇದೆಯಂತೆ, ಹಚ್ಚೆ ಹಾಕಿಸಿಕೊಂಡರೆ ರಕ್ಷೆಯಂತೆ. ನಿಜವೇ?

ರೂನ್‌ಗಳು ಮೊದಲಿಗೆ ಉತ್ತರ ಯುರೋಪಿನ ಒಂದು ವರ್ಣಮಾಲೆ. ಮಂತ್ರದ ನಂಟು ಇಲ್ಲವೆಂದಲ್ಲ, ಅದು ಆಮೇಲಿನ ಮಾತು. ವೈಕಿಂಗರಿಗೂ ಹಿಂದೆ 24 ಅಕ್ಷರಗಳಿದ್ದವು. ವೈಕಿಂಗ್ ಕಾಲಕ್ಕೆ (ಸುಮಾರು 8ರಿಂದ 11ನೇ ಶತಮಾನ) ಅವು 16ಕ್ಕೆ ಇಳಿದವು. ಕ-ಗ ಎರಡಕ್ಕೂ ಒಂದೇ ಗುರುತು, ತ-ದ ಎರಡಕ್ಕೂ ಒಂದೇ. ಓದುವವರೇ ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕು. ಎಲ್ಲ ನೆಟ್ಟಗಿನ, ಓರೆ ಗೀಟುಗಳು, ಅಡ್ಡ ಗೀಟಿಲ್ಲ. ಮರದ ನಾರಿನ ಗುಂಟ ಚಾಕುವಿನಿಂದ ಗೀಟು ಎಳೆದರೆ ಅದು ನಾರಿನಲ್ಲೇ ಕಳೆದುಹೋಗುತ್ತದಲ್ಲ!

ಅಕ್ಷರಗಳಿಗೆ ಹೆಸರುಗಳಿದ್ದದ್ದು ನಿಜ. ಫೇ ಎಂದರೆ ಸಂಪತ್ತು, ಹಗಲ್ ಎಂದರೆ ಆಲಿಕಲ್ಲು, ಈಸ್ ಎಂದರೆ ಮಂಜುಗಡ್ಡೆ. ಗೂಢಾರ್ಥದ ಕಥೆ ಬೆಳೆದದ್ದು ಇಲ್ಲಿಂದಲೇ. ಆದರೆ ಹೆಸರಿನ ಮೊದಲ ಧ್ವನಿಯೇ ಆ ಅಕ್ಷರದ ಧ್ವನಿ. ಬಾಯಿಪಾಠಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ಬರೆದದ್ದೇನು ಅಂತ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಸ್ವೀಡನ್ನಿನಲ್ಲೇ 2,500ಕ್ಕೂ ಹೆಚ್ಚು ರೂನ್ ಕಲ್ಲುಗಳಿವೆ. ಹೆಚ್ಚಿನವು 11ನೇ ಶತಮಾನದವು, ಸತ್ತವರ ನೆನಪಿಗೆ ನೆಟ್ಟವು, ಹಲವದರ ಮೇಲೆ ಶಿಲುಬೆಯೂ ಇದೆ. ಗ್ರಿಪ್ಸ್‌ಹೋಮ್‌ನ ಕಲ್ಲನ್ನು ತೋಲಾ ಎಂಬ ತಾಯಿ ಮಗ ಹರಾಲ್ಡ್‌ಗಾಗಿ ನೆಡಿಸಿದಳು: ಅವನೂ ಜೊತೆಗಾರರೂ ಚಿನ್ನ ಅರಸಿ ದೂರ ಹೋದರು, ತೆಂಕಣ ಸೆರ್ಕ್‌ಲ್ಯಾಂಡ್‌ನಲ್ಲಿ (ಮುಸ್ಲಿಂ ನಾಡುಗಳಲ್ಲಿ) ಸತ್ತರು. ಟೇಬಿ ಎಂಬ ಊರಿನ ಯಾರ್ಲಬಾಂಕಿ ಎಂಬವನಿಗೆ ಸಾಯುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಬದುಕಿರುವಾಗಲೇ ತನ್ನ ಸ್ಮಾರಕ ತಾನೇ ನಿಲ್ಲಿಸಿ, ಇಡೀ ಟೇಬಿ ತನ್ನೊಬ್ಬನದೇ ಎಂದು ಕೆತ್ತಿಸಿಕೊಂಡ. ಅದೂ ಒಂದಲ್ಲ, ಹಲವು ಕಲ್ಲುಗಳಲ್ಲಿ! ವೈಕಿಂಗ್ ಕಾಲ ಮುಗಿದ ಮೇಲೂ ರೂನ್ ಬಳಕೆ ನಿಲ್ಲಲಿಲ್ಲ. ನಾರ್ವೆಯ ಬೆರ್ಗೆನ್‌ನಲ್ಲಿ 1955ರ ಬೆಂಕಿಯ ನಂತರ ಅಗೆದಾಗ ನೂರಾರು ರೂನ್ ಬರಹಗಳು ಸಿಕ್ಕವು. ಸರಕಿನ ಒಡೆಯನ ಹೆಸರು, ಪ್ರಾರ್ಥನೆ, ಪ್ರೇಮದ ಮಾತು. ಒಂದು ಕಡ್ಡಿಯಲ್ಲಿ ಇಷ್ಟೇ: ನೀನು ಮನೆಗೆ ಬರಬೇಕಂತೆ, ಗೀಡಾ ಹೇಳಿದ್ದಾಳೆ.

ಇನ್ನು ಮಂತ್ರ. ಡೆನ್ಮಾರ್ಕಿನ ರೀಬೆಯಲ್ಲಿ ಸಿಕ್ಕ 8ನೇ ಶತಮಾನದ ತಲೆಬುರುಡೆಯ ಚೂರಿನ ಮೇಲೆ ವೈಕಿಂಗರ ದೇವರು ಓಡಿನ್‌ನ ಹೆಸರು ರೂನ್‌ಗಳಲ್ಲಿದೆ. ನೋವು ಕಳೆಯುವ ಮಂತ್ರವಿರಬೇಕು. ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆ ಎಗಿಲ್ ಸಾಗಾದಲ್ಲಿ ಒಬ್ಬ ಹುಡುಗ ತಪ್ಪಾಗಿ ಕೆತ್ತಿದ ರೂನ್‌ಗಳಿಂದ ಹುಡುಗಿಯ ಕಾಯಿಲೆ ಉಲ್ಬಣಿಸುತ್ತದೆ. ಕಥಾನಾಯಕ ಎಗಿಲ್ ಅವನ್ನು ಕೆರೆದು, ಸುಟ್ಟು, ಬೇರೆ ಕೆತ್ತಿ ಅವಳ ತಲೆದಿಂಬಿನಡಿ ಇಡುತ್ತಾನೆ. ಹಾಗಾಗಿ ನಂಬಿಕೆ ಇದ್ದೇ ಇತ್ತು.

ಹಚ್ಚೆ ಅಂಗಡಿಗಳ ಅಚ್ಚುಮೆಚ್ಚಿನ ದಿಕ್ಸೂಚಿ ಚಿತ್ರ ವೆಗ್ವಿಸಿರ್ ಮಾತ್ರ ರೂನ್ ಅಲ್ಲ, ವೈಕಿಂಗರದ್ದೂ ಅಲ್ಲ. ಅದು 19ನೇ ಶತಮಾನದ ಐಸ್‌ಲ್ಯಾಂಡ್ ಹಸ್ತಪ್ರತಿಯಲ್ಲಿ ಸಿಗುವಂಥದ್ದು. ರೂನ್‌ನಲ್ಲೇ ಹೆಸರು ಬರೆಸಬೇಕೆಂದರೆ ಬರೆಸಿ, ಅಡ್ಡಿಯಿಲ್ಲ. ಆ 16 ಅಕ್ಷರಗಳಲ್ಲಿ ‘ಗೀತಾ’ ಎಂದು ಬರೆದರೂ ‘ಕೀಟ’ ಎಂದು ಬರೆದರೂ ಒಂದೇ ಥರ ಕಾಣುತ್ತದೆ, ನೆನಪಿರಲಿ.