ಹೆದರಿಸುವುದಕ್ಕೆ ಮೊದಲು ಕಾಣಿಸಬೇಕು

ಹೋದ ವರ್ಷ ಇಬ್ಬರು ಹುಡುಗರು ತಮ್ಮ ಹಾರರ್ ಗೇಮ್‌ಗೆ ಕವರ್ ಮಾಡಿಕೊಡಿ ಎಂದು ಬಂದರು. ಕತೆ ಕೇಳಿದ ಕೂಡಲೇ ಒಪ್ಪಿಕೊಂಡೆ. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ ಎರಡು ಗಂಟೆಗೆ. ತೋಟಕ್ಕೆ ನೀರು ಬಿಡಬೇಕು. ಟಾರ್ಚ್ ಹಿಡಿದು ಒಬ್ಬನೇ ಪಂಪ್‌ಹೌಸ್‌ಗೆ ಹೋಗಿ ಮೋಟಾರ್ ಹಾಕಿ ಬರಬೇಕು. ಆಟ ಅಷ್ಟೇ. ಆದರೆ ಪಂಪ್‌ಹೌಸ್‌ನಲ್ಲಿ ಮೊದಲೇ ಯಾರೋ ಇರುತ್ತಾರೆ. ಗೇಮಿನ ಹೆಸರು ಹೇಳುವುದಿಲ್ಲ, ಅದು ಇನ್ನೂ ಬಿಡುಗಡೆಯಾಗಿಲ್ಲ.

ಅವರೇ ಒಂದು ಕವರ್ ಮಾಡಿಕೊಂಡು ಬಂದಿದ್ದರು. ಮೇಲೆ ಹುಣ್ಣಿಮೆ ಚಂದ್ರ. ನಾಲ್ಕು ಬಾವಲಿ. ಒಣಗಿದ ಮರ. ನಡುವೆ ಬಾಯಿ ತೆರೆದ ದೆವ್ವದ ಮುಖ. ಕೆಳಗೆ ಟಾರ್ಚ್ ಹಿಡಿದ ರೈತ, ಪಂಪ್‌ಹೌಸ್, ಅಡಿಕೆ ತೋಟ, ಮಂಜು. ಎಲ್ಲದರ ಮೇಲೆ ರಕ್ತ ಸೋರುವ ಅಕ್ಷರದಲ್ಲಿ ಹೆಸರು. ಮಾನಿಟರ್ ತುಂಬಾ ಇಟ್ಟು ನೋಡಿದರೆ ಕೆಟ್ಟದಾಗೇನೂ ಇರಲಿಲ್ಲ. ನಾನು ಮಾತಾಡದೆ ಅದನ್ನು 120×45 ಪಿಕ್ಸೆಲ್‌ಗೆ ಇಳಿಸಿ ತೋರಿಸಿದೆ. "ಇದೇನ್ ಸರ್, ಸೀದ ದೋಸೆ ಥರ ಇದೆ" ಎಂದ ಒಬ್ಬ.

120×45 ನಾನು ಸುಮ್ನೆ ಹೇಳಿದ ಅಳತೆ ಅಲ್ಲ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕವರ್‌ಗೆ ಕ್ಯಾಪ್ಸೂಲ್ ಎನ್ನುತ್ತಾರೆ. ಒಂದೇ ಗೇಮ್‌ಗೆ ಹಲವು ಕ್ಯಾಪ್ಸೂಲ್ ಕೊಡಬೇಕು. ಗೇಮಿನ ಪುಟದ ಮೇಲೆ ಬರುವ ಹೆಡರ್ 920×430. ಮುಖಪುಟದಲ್ಲಿ ಬರುವ ದೊಡ್ಡದು 1232×706. ಉದ್ದನೆಯದು 748×896. ಕೊಂಡವರ ಲೈಬ್ರರಿಯಲ್ಲಿ ಕಾಣುವುದು 600×900. ಇವೆಲ್ಲದರ ನಡುವೆ ಎಲ್ಲರೂ ಕಡೆಗಣಿಸುವ ಸಣ್ಣ ಕ್ಯಾಪ್ಸೂಲ್ ಒಂದಿದೆ, 462×174. ಸ್ಟೀಮ್ ಅದನ್ನೇ ಕುಗ್ಗಿಸಿ 184×69 ಮತ್ತು 120×45ರ ಎರಡು ಚಿತ್ರ ತಾನೇ ಮಾಡಿಕೊಳ್ಳುತ್ತದೆ. ಹುಡುಕುವ ಪಟ್ಟಿಯಲ್ಲಿ ನಿಮ್ಮ ಎರಡು ವರ್ಷದ ಕೆಲಸಕ್ಕೆ ಸಿಗುವ ಜಾಗ ಇಷ್ಟೇ. ಅಕ್ಕಪಕ್ಕದಲ್ಲಿ ಇನ್ನೂ ಇಪ್ಪತ್ತು ಗೇಮ್ ಇರುತ್ತವೆ, ನೋಡುವವನ ಬೆರಳು ಸ್ಕ್ರಾಲ್ ಮಾಡುತ್ತಲೇ ಇರುತ್ತದೆ.

ಹಾಗಾಗಿ ನಾನು ಕೆಲಸ ಶುರು ಮಾಡುವುದು ಸಣ್ಣ ಚಿತ್ರದಿಂದ. ಪೇಪರಿನ ಮೇಲೆ ಬೆಂಕಿಪೊಟ್ಟಣದಷ್ಟು ಚೌಕ ಹಾಕಿ, ದಪ್ಪ ಮಾರ್ಕರ್‌ನಲ್ಲಿ ಮೂವತ್ತು ಗೀಚುತ್ತೇನೆ. ದಪ್ಪ ಮಾರ್ಕರ್ ಯಾಕೆಂದರೆ ಅದರಲ್ಲಿ ಬಾವಲಿ ಬರೆಯಲು ಆಗುವುದಿಲ್ಲ. ಆ ಗಾತ್ರದಲ್ಲಿ ಉಳಿಯುವುದು ಒಂದು ಆಕಾರ, ಒಂದು ಬೆಳಕು, ಒಂದು ಹೆಸರು. ಹೆದರಿಸುವುದು ಆಮೇಲಿನ ಮಾತು. ಕವರ್ ನೋಡಿ ಯಾರೂ ಕಿರುಚಬೇಕಾಗಿಲ್ಲ. "ಓ, ಇದು ನನ್ನ ಥರದ ಭಯ" ಎಂದು ಬೆರಳು ಒಂದು ಕ್ಷಣ ನಿಲ್ಲಬೇಕು.

ಯಕ್ಷಗಾನದ ಬಣ್ಣದ ವೇಷ ನೋಡಿದ್ದೀರಲ್ವಾ? ಕೊನೇ ಸಾಲಿನಲ್ಲಿ ನಿದ್ದೆಗಣ್ಣಿನಲ್ಲಿ ಕೂತವನಿಗೂ ಬಂದದ್ದು ರಾಕ್ಷಸ ಎಂದು ಗೊತ್ತಾಗುತ್ತದೆ. ಮುಖದ ಮೇಲಿನ ಚಿಟ್ಟಿಯ ಸಣ್ಣ ಕೆಲಸ ಕಾಣುವುದು ಮುಂದೆ ಕೂತವರಿಗೆ ಮಾತ್ರ. ದೂರದಿಂದ ಒಂದು, ಹತ್ತಿರದಿಂದ ಇನ್ನೊಂದು. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಟ್ಯುಟೋರಿಯಲ್‌ನಲ್ಲೂ ಸಿಕ್ಕಿಲ್ಲ.

ಮೊದಲ ಪ್ರಯತ್ನದಲ್ಲಿ ನಾನೇ ಎಡವಿದೆ. ಪಂಪ್‌ಹೌಸ್‌ನ ಸ್ಟಾರ್ಟರ್ ಪಕ್ಕದಲ್ಲಿ ಮೂರು ಫೇಸಿಗೆ ಮೂರು ದೀಪ ಇರುತ್ತವೆ, ಕೆಂಪು, ಹಳದಿ, ನೀಲಿ. ಕತ್ತಲಲ್ಲಿ ಆ ಮೂರು ದೀಪ, ಅವುಗಳ ಕೆಳಗೆ ಇನ್ನೆರಡು ಮಿನುಗುವ ಚುಕ್ಕೆ, ಅಂದರೆ ಕಣ್ಣು. ನನಗಂತೂ ಭಾರೀ ಖುಷಿಯಾಗಿತ್ತು. ಗೆಳೆಯನೊಬ್ಬನಿಗೆ ಮೊಬೈಲ್‌ನಲ್ಲಿ ಕಳಿಸಿದೆ. "ಟ್ರಾಫಿಕ್ ಸಿಗ್ನಲ್ ಗೇಮಾ?" ಎಂದು ಉತ್ತರ ಬಂತು. ಪಂಪ್‌ಹೌಸ್ ಗೊತ್ತಿದ್ದವನಿಗೇ ಹಾಗೆ ಕಂಡರೆ ಪೋಲೆಂಡ್‌ನವನಿಗೆ, ಬ್ರೆಜಿಲ್‌ನವನಿಗೆ ಏನು ಕಂಡೀತು? ಬಿಟ್ಟುಬಿಟ್ಟೆ.

ಕೊನೆಗೆ ನಿಂತದ್ದು ಇದು. ಪಂಪ್‌ಹೌಸ್‌ನ ಬಾಗಿಲು ತೆರೆದಿದೆ. ಒಳಗೆ ಬಲ್ಬಿನ ಹಳದಿ ಬೆಳಕು. ಬಾಗಿಲಲ್ಲಿ ಒಬ್ಬ ಮನುಷ್ಯನ ಕಪ್ಪು ಆಕೃತಿ, ತಲೆಗೆ ಟವೆಲ್ ಸುತ್ತಿದ್ದಾನೆ. ಸಣ್ಣ ಗಾತ್ರದಲ್ಲಿ ಕಾಣುವುದು ಇಷ್ಟೇ, ಹಳದಿ ಚೌಕದಲ್ಲಿ ನಿಂತ ಮನುಷ್ಯ. ಹೆಡರ್ ಗಾತ್ರಕ್ಕೆ ಬಂದಾಗ ಅವನ ಕೈಗಳು ಮೊಣಕಾಲಿನ ತನಕ ಇಳಿದಿರುವುದು ಗೊತ್ತಾಗುತ್ತದೆ. 600×900ಕ್ಕೆ ಬಂದಾಗ ಇನ್ನೊಂದು ಕಾಣುತ್ತದೆ. ಟವೆಲಿನ ಗಂಟು ನಮ್ಮ ಕಡೆಗಿದೆ, ಅಂದರೆ ಅವನು ನಮಗೆ ಬೆನ್ನು ಹಾಕಿದ್ದಾನೆ. ಆದರೆ ಕಾಲ್ಬೆರಳೂ ನಮ್ಮ ಕಡೆಗೇ ಇವೆ. ದೆವ್ವದ ಪಾದ ಹಿಂದುಮುಂದು ಎಂದು ಅಜ್ಜಿಯಿಂದ ಕೇಳಿದವರಿಗೆ ಬೇರೆ ವಿವರಣೆ ಬೇಡ. ಕೇಳದವರಿಗೆ ಉದ್ದ ಕೈ ಸಾಕು. ಪಾದವನ್ನೇ ನಂಬಿ ಕವರ್ ಮಾಡಿದ್ದರೆ ಅರ್ಧ ಜಗತ್ತಿಗೆ ಏನೂ ತಿಳಿಯುತ್ತಿರಲಿಲ್ಲ. ಹುಡುಗರಲ್ಲಿ ಒಬ್ಬನ ಅಪ್ಪ ಕೃಷಿಕರು. ಅವರು ಇದನ್ನು ನೋಡಿ, "ಇಂಥದ್ದೆಲ್ಲ ಯಾಕೋ ಮಾಡ್ತೀಯ, ನಾಳೆ ಮೋಟಾರ್ ಹಾಕೋಕೆ ನೀನೇ ಹೋಗು" ಎಂದರಂತೆ.

ದೆವ್ವದ ಮುಖವನ್ನು ಯಾಕೆ ತೆಗೆದೆ ಎಂದು ಹುಡುಗರು ಕೇಳಿದ್ದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ದೆವ್ವವೊಂದು ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುತ್ತದೆ ಎಂಬ ಸುದ್ದಿ ಇತ್ತೇ ಹೊರತು ಅದು ನೋಡಲು ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಮೇಲಿನ ಆ ಎರಡು ಪದಕ್ಕೇ ಬೀದಿ ಬೀದಿ ಹೆದರಿತ್ತು. ಆದರೆ ಮುಖ ತೋರಿಸಲೇಬಾರದು ಎಂಬ ನಿಯಮವೇನೂ ಇಲ್ಲ. 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಕತ್ತಲಲ್ಲಿ ಕರಡಿ ಗೊಂಬೆಯ ಮುಖವನ್ನೇ ಮುಂದಿಟ್ಟಿತು. ಆ ಗೇಮಿನ ಭಯ ಇರುವುದೇ ನಗುವ ಗೊಂಬೆಯಲ್ಲಿ. ನಮ್ಮದು ಬಾಗಿಲಲ್ಲಿ ಯಾರಿದ್ದಾರೆ ಎಂಬ ಭಯ. ಮುಖ ತೋರಿಸಿದರೆ ಗೇಮ್ ಅಲ್ಲಿಗೇ ಮುಗಿಯಿತು.

ಇದರಲ್ಲಿ ವ್ಯಾಪಾರದ ಮಾತೂ ಇದೆ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಕವರ್‌ನಲ್ಲಿ ಕೊಡಲಿ ಹಿಡಿದ ರಾಕ್ಷಸನನ್ನು ತೋರಿಸಿ, ಒಳಗೆ ನಿಧಾನವಾಗಿ ತೋಟ ಸುತ್ತಿಸಿದರೆ ಆಡುವವನಿಗೆ ಸಿಟ್ಟು ಬರುವುದು ನ್ಯಾಯವೇ. ವರ್ಲ್ಡ್ ಆಫ್ ಹಾರರ್ ಎಂಬ ಗೇಮ್ ನೋಡಿ. ಎಂಎಸ್ ಪೇಂಟ್‌ನಲ್ಲಿ ಬರೆದ ಒರಟು ಚಿತ್ರಗಳ ಗೇಮ್ ಅದು. ಮಾಡಿದವರು ಪೋಲೆಂಡ್‌ನ ಒಬ್ಬ ಹಲ್ಲಿನ ಡಾಕ್ಟರ್! ಅಂಥ ಗೇಮಿಗೆ ನುಣುಪಾದ ಪೇಂಟಿಂಗ್ ಹೊದಿಸಿದರೆ ಬೇರೆಯವರ ಅಂಗಿ ತೊಡಿಸಿದ ಹಾಗಾಗುತ್ತದೆ.

ಬಣ್ಣದ ವಿಷಯ. ಸ್ಟೀಮ್ ಪುಟದ ಹಿನ್ನೆಲೆ ಕಡು ನೀಲಿ. ಅಂಚಿನ ತನಕ ಕಪ್ಪು ಬಳಿದ ಕವರ್ ಅದರೊಳಗೆ ಕರಗಿಹೋಗುತ್ತದೆ. ಅದಕ್ಕೇ ಕತ್ತಲನ್ನೂ ಬಣ್ಣದಿಂದಲೇ ಮಾಡಬೇಕು. ನಮ್ಮ ಕತ್ತಲೆಗೆ ನಾನು ಹಾಕಿದ್ದು ಪಾಚಿ ಹಸಿರು. ಕೆಂಪು-ಕಪ್ಪು ಜೋಡಿ ಬೇಡವೇ ಬೇಡ ಎಂದೆ. ಹಾರರ್ ಟ್ಯಾಗ್ ಒತ್ತಿ ನೋಡಿ, ಯಾಕೆಂದು ಗೊತ್ತಾಗುತ್ತದೆ. ನಾನು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು, ಒಂದು ಗೇಮಿನ ಜಾಗದಲ್ಲಿ ನಮ್ಮದನ್ನು ಅಂಟಿಸಿ, ಎರಡು ಮಾರು ದೂರ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಆಮೇಲೆ ಕಪ್ಪು-ಬಿಳುಪು ಮಾಡಿ ಇನ್ನೊಮ್ಮೆ. ಆಗಲೂ ಬಾಗಿಲು ಕಂಡರೆ ಸರಿ. ಅಕ್ಟೋಬರ್‌ನಲ್ಲಿ ಸ್ಟೀಮ್ ಹಾರರ್ ಗೇಮ್‌ಗಳ ಹಬ್ಬ ಮಾಡುತ್ತದೆ. ಅಲ್ಲಿ ಎಲ್ಲವೂ ಕತ್ತಲೆ, ಎಲ್ಲವೂ ರಕ್ತ. ಆ ಗುಂಪಿನಲ್ಲಿ ಒಂದು ಹಳದಿ ಚೌಕ ದೂರದಿಂದಲೇ ಗೊತ್ತಾಗುತ್ತದೆ.

ಅಕ್ಷರದ ಬಗ್ಗೆ ಸ್ವಲ್ಪ ಜಗಳವೇ ಆಯಿತು. ಹುಡುಗರಿಗೆ ಹೆಸರು ಕನ್ನಡದಲ್ಲೇ ಇರಬೇಕು. ನನಗೂ ಇಷ್ಟವೇ. ಆದರೆ ಹೆಸರಿನಲ್ಲಿ ಎರಡು ಒತ್ತಕ್ಷರ ಇದ್ದವು. 45 ಪಿಕ್ಸೆಲ್ ಎತ್ತರದಲ್ಲಿ ಒತ್ತಿಗೆ ಜಾಗ ಬಿಟ್ಟರೆ ಮೇಲಿನ ಅಕ್ಷರ ಸಾಸಿವೆ ಕಾಳಷ್ಟಾಗುತ್ತದೆ. ಅದರ ಮೇಲೆ ರಕ್ತ ಬೇರೆ ಸೋರಿದರೆ ಯಾವುದು ಒತ್ತು, ಯಾವುದು ಹನಿ? ಕೊನೆಗೆ ದಪ್ಪ ಇಂಗ್ಲಿಷ್ ಅಕ್ಷರದ ಹೆಸರು ಇಟ್ಟೆವು, ಸಣ್ಣ ಕ್ಯಾಪ್ಸೂಲಿನ ಮುಕ್ಕಾಲು ಭಾಗ ಅದಕ್ಕೇ ಹೋಯಿತು. ಕನ್ನಡ ಹೆಸರು ಲೈಬ್ರರಿ ಚಿತ್ರದಲ್ಲಿ ಪಂಪ್‌ಹೌಸ್‌ನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಹಾಗೆ ಬಂತು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಆ ಗೋಡೆ.

ಹೆಸರು ಬಿಟ್ಟು ಬೇರೇನೂ ಬರೆಯುವ ಹಾಗಿಲ್ಲ ಎನ್ನುವುದೂ ನೆನಪಿರಲಿ. 2022ರ ಸೆಪ್ಟೆಂಬರ್‌ನಿಂದ ಸ್ಟೀಮ್‌ನ ನಿಯಮ ಹಾಗಿದೆ. ಚಿತ್ರ, ಗೇಮಿನ ಹೆಸರು, ಉಪಶೀರ್ಷಿಕೆ, ಅಷ್ಟೇ. "ಪ್ರಶಸ್ತಿ ಬಂದಿದೆ", "10ಕ್ಕೆ 9 ಅಂಕ", "ಅರ್ಧ ಬೆಲೆ" ಯಾವುದೂ ಕೂಡದು. ನನ್ನಂಥವರಿಗೆ ಇದು ಉಪಕಾರವೇ. ಅಲ್ಲಿಗೆ ಗಿರಾಕಿಯ ಜೊತೆಗಿನ ಅರ್ಧ ವಾದ ತಪ್ಪಿತು.

ಇಚ್.ಐಒ ಎಂಬ ಇನ್ನೊಂದು ಗೇಮ್ ತಾಣದಲ್ಲೂ ಹಾಕುವವರಿದ್ದರೆ ಅಲ್ಲಿನ ಕವರ್ 630×500, ಹೆಚ್ಚುಕಡಿಮೆ ಚೌಕ. ಅದಕ್ಕೇ ಮೊದಲಿನಿಂದಲೂ ಬಾಗಿಲು, ಮನುಷ್ಯ, ಹಿನ್ನೆಲೆ, ಹೆಸರು ಎಲ್ಲವನ್ನೂ ಬೇರೆ ಬೇರೆ ಲೇಯರ್‌ನಲ್ಲಿಟ್ಟುಕೊಳ್ಳಿ. ಅಡ್ಡ ಚಿತ್ರವನ್ನು ಕತ್ತರಿಸಿ ಉದ್ದ ಮಾಡಲು ಹೋದರೆ ಮನುಷ್ಯನ ಕೈಯೇ ಹೋಗುತ್ತದೆ. ನಮ್ಮ ಮನುಷ್ಯನಿಗೆ ಕೈಯೇ ಬಂಡವಾಳ!

ಪುಟ ಹಾಕಿದ ಮೇಲೆ ಕವರ್ ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಜನ ಒತ್ತಿದರು ಎಂಬ ಲೆಕ್ಕವನ್ನು ಸ್ಟೀಮ್ ಕೊಡುತ್ತದೆ. ಹುಡುಗರು ದಿನಕ್ಕೆ ಹತ್ತು ಸಲ ಅದನ್ನೇ ನೋಡುತ್ತಾರೆ. ಎರಡು ವಾರ ಕವರ್ ಮುಟ್ಟಬೇಡಿ ಎಂದಿದ್ದೇನೆ. ಒಬ್ಬ ಒಪ್ಪಿದ್ದಾನೆ. ಇನ್ನೊಬ್ಬನಿಗೆ ಈಗಲೂ ಚಂದ್ರ ಬೇಕಂತೆ. ಲೈಬ್ರರಿ ಪುಟದ ಮೇಲ್ಭಾಗಕ್ಕೆ ಹೀರೋ ಎಂಬ ಅಗಲವಾದ ಚಿತ್ರ ಕೊಡಬೇಕಲ್ಲ, 3840×1240, ಅದರ ಬಲ ಮೂಲೆಯಲ್ಲಿ ಚಂದ್ರನನ್ನು ಇಟ್ಟುಕೊಟ್ಟಿದ್ದೇನೆ. ಅಲ್ಲಿ ಜಾಗಕ್ಕೇನೂ ಬರವಿಲ್ಲ.