ಯಾವ ಕೋಳಿ, ಎಂಥ ಗೂಡು? ಮೊದಲು ಆ ಟರ್ಪಾಲು ಬಿಚ್ಚಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆ ಖರ್ಚಿನ ಮೊಟ್ಟೆಗೆ ಹತ್ತು ಹೇಂಟೆ ಸಾಕುವ ಅಂತ ಇದ್ದೇವೆ. ನಮ್ಮ ಮಳೆಗೆ, ಸೆಕೆಗೆ ಯಾವ ಜಾತಿ ಆಗಬಹುದು? ಮಳೆಗಾಲದಲ್ಲಿ ಕೋಳಿಗೆ ಚಳಿ ಹಿಡಿಯದ ಹಾಗೆ ಗೂಡನ್ನು ಹೇಗೆ ಮುಚ್ಚುವುದು?

ಉತ್ತರ: ಮೇ ಕೊನೆಯ ಪತ್ತನಾಜೆ, ಅಂದರೆ ತುಳುನಾಡಿನವರ ಮಳೆಗಾಲದ ಹೊಸ್ತಿಲು, ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಶುರು. ಕುಂಬಳೆಯವರು ಕೇಳುತ್ತಾರೆ, ಪೆರ್ಲದವರು ಕೇಳುತ್ತಾರೆ, ಮುಳ್ಳೇರಿಯದವರೂ ಕೇಳುತ್ತಾರೆ. ಎಲ್ಲರಿಗೂ ಜಾತಿಯದ್ದೇ ಚಿಂತೆ. ಅದನ್ನು ಬೇಗ ಮುಗಿಸುತ್ತೇನೆ.

ತೋಟದಲ್ಲಿ ಬಿಟ್ಟು ಸಾಕುವುದಾದರೆ ಊರ ಕೋಳಿಯೇ ಸಾಕು. ವರ್ಷಕ್ಕೆ 60-80 ಮೊಟ್ಟೆ ಇಡುತ್ತದೆ, ತಾನೇ ಕಾವು ಕೂತು ಮರಿ ಮಾಡುತ್ತದೆ, ಹದ್ದು ಕಂಡರೆ ಓಡುತ್ತದೆ. ನಮ್ಮ ಬಡಗು ಕೇರಳದ್ದೇ ಆದ ಕಪ್ಪು ತಲಶ್ಶೇರಿ ಕೋಳಿ ಸಿಕ್ಕಿದರೆ ಬಿಡಬೇಡಿ. ಇಲ್ಲಿನ ಮಳೆಯಲ್ಲೇ ತಲೆತಲಾಂತರ ಬದುಕಿದ ಜಾತಿ ಅದು. ಮೊಟ್ಟೆ ಜಾಸ್ತಿ ಬೇಕಾದರೆ ಗ್ರಾಮಲಕ್ಷ್ಮಿ ನೋಡಿ. ಆಸ್ಟ್ರಲಾರ್ಪ್ ಮತ್ತು ವೈಟ್ ಲೆಗ್‌ಹಾರ್ನ್ ಬೆರಕೆ, ಹಗುರ ಮೈ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ತಯಾರಾದ ಗಿರಿರಾಜವೂ ಒಳ್ಳೆಯದೇ. ಆದರೆ ಅದರದ್ದು ಭಾರದ ಮೈ, ಏಪ್ರಿಲ್-ಮೇ ಸೆಕೆಗೆ ಬೇಗ ಸೋಲುತ್ತದೆ. ಬೋಳು ಕುತ್ತಿಗೆಯ ಕೋಳಿಯನ್ನು ಚಂದ ಇಲ್ಲ ಅಂತ ಬಿಡುವವರಿದ್ದಾರೆ. ಬಿಡಬೇಡಿ. ಮೈಮೇಲೆ ಗರಿ ಕಡಿಮೆ ಇರುವುದರಿಂದ ಅದಕ್ಕೆ ಸೆಕೆ ತಡೆಯುವ ಶಕ್ತಿ ಹೆಚ್ಚು.

ಇನ್ನು ಆ ‘ಚಳಿ’ಯ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಜೂನ್ ಬಂದ ಕೂಡಲೇ ಅಡಿಕೆ ಒಣಗಿಸಿದ ಹಳೇ ಟರ್ಪಾಲು ಗೂಡಿನ ನಾಲ್ಕೂ ಸುತ್ತ ಏರುತ್ತದೆ. ಕೆಳಗೆ ಕಲ್ಲು ಹೇರಿ, ಮೇಲೆ ಹಗ್ಗ ಬಿಗಿದು, ಒಳಗೊಂದು ಬಲ್ಬು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೋಳಿ ಗೊರಗೊರ ಅನ್ನುತ್ತದೆ, ಕಣ್ಣಲ್ಲಿ ನೊರೆ ಬರುತ್ತದೆ. ಆಗ ‘ಚಳಿ ಜಾಸ್ತಿ ಆಯ್ತು’ ಅಂತ ಇನ್ನೊಂದು ಟರ್ಪಾಲು. ಕೋಳಿಗೆ ಕಾಯಿಲೆ ತಂದದ್ದೇ ಆ ಮೊದಲನೇ ಟರ್ಪಾಲು!

ಸ್ವಲ್ಪ ಯೋಚಿಸಿ. ಕೋಳಿಯ ಮೈ ಬಿಸಿ 41-42 ಡಿಗ್ರಿ, ನಮಗಿಂತ ನಾಲ್ಕೈದು ಡಿಗ್ರಿ ಜಾಸ್ತಿ. ಮೇಲಿಂದ ಗರಿಯ ಹೊದಿಕೆ. ಚಳಿಯಾದರೆ ಗರಿ ಉಬ್ಬಿಸಿ, ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ನಮ್ಮಲ್ಲಿ ಜುಲೈ ರಾತ್ರಿ ಎಷ್ಟು ತಂಪು? 23-24 ಡಿಗ್ರಿ. ಬೆಳೆದ ಕೋಳಿಗೆ ಅದು ಹಿತವಾದ ಹವೆ. ಹಿಮ ಬೀಳುವ ದೇಶಗಳಲ್ಲೂ ಗೂಡಿನ ಮೇಲ್ಭಾಗದಲ್ಲಿ ಗಾಳಿಗೆ ದಾರಿ ಬಿಟ್ಟಿರುತ್ತಾರೆ. ಇಲ್ಲದಿದ್ದರೆ ಒಳಗಿನ ತೇವಕ್ಕೇ ಹುಂಜದ ಜುಟ್ಟು ಮರಗಟ್ಟಿ ಕಪ್ಪಾಗುತ್ತದೆ. ಹಾಗಿರುವಾಗ ಬದಿಯಡ್ಕದಲ್ಲಿ ಯಾಕೆ ಈ ಬಂದೋಬಸ್ತು?

ಮುಚ್ಚಿದ ಗೂಡಿನೊಳಗೆ ಏನಾಗುತ್ತದೆ ನೋಡಿ. ಒಂದು ಹೇಂಟೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಹತ್ತು ಹೇಂಟೆಗೆ ಎರಡೂವರೆ ಲೀಟರ್. ಮೊಟ್ಟೆಗೆ ಹೋಗುವುದು ಸ್ವಲ್ಪ. ಉಳಿದದ್ದೆಲ್ಲ ಉಸಿರಿನಲ್ಲಿ, ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಹೊರಗೆ ಮೊದಲೇ ಗೋಡೆ ಬೆವರುವ ಹವೆ. ಟರ್ಪಾಲು ಕಟ್ಟಿದ ಮೇಲೆ ಒಳಗಿನ ತೇವ ಹೋಗುವುದಾದರೂ ಎಲ್ಲಿಗೆ? ನೆಲಕ್ಕೆ ಹಾಸಿದ ಮರದ ಹುಡಿ ಒದ್ದೆಯಾಗುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯ ಏಳುತ್ತದೆ. ಅದು ಕೋಳಿಯ ಕಣ್ಣು ಉರಿಸುತ್ತದೆ, ಶ್ವಾಸನಾಳದ ಒಳಗಿನ ನವಿರಾದ ರೋಮಗಳನ್ನು ಹಾಳುಮಾಡುತ್ತದೆ. ಕಸ, ರೋಗಾಣುಗಳನ್ನು ಹೊರಗೆ ದೂಡುವುದೇ ಆ ರೋಮಗಳು. ಅವು ಸೋತ ಮೇಲೆ ಯಾವ ರೋಗ ಬೇಕಾದರೂ ಒಳಗೆ ಬರಬಹುದು. ಮರಿಗಳ ರಕ್ತಭೇದಿಯದ್ದೂ ಇದೇ ಕಥೆ. ಅದರ ಸೂಕ್ಷ್ಮ ತತ್ತಿಗಳು ಬೆಚ್ಚಗಿನ ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತವೆ.

ನಂಬಿಕೆ ಬಾರದಿದ್ದರೆ ನೀವೇ ನೋಡಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕುಕ್ಕರಗಾಲಲ್ಲಿ ಕೂತು, ಮುಖವನ್ನು ಕೋಳಿಯ ತಲೆಯ ಎತ್ತರಕ್ಕೆ ತಂದು ಉಸಿರೆಳೆಯಿರಿ. ನಿಂತುಕೊಂಡು ಮೂಸಿದರೆ ಏನೂ ಗೊತ್ತಾಗುವುದಿಲ್ಲ. ಮೂಗಿಗೆ ಘಾಟು ಹೊಡೆದರೆ, ಕೋಳಿ ರಾತ್ರಿಯಿಡೀ ಕುಡಿದದ್ದು ಆ ಗಾಳಿಯನ್ನೇ. ಇನ್ನೊಂದು, ಹಾಸಿನ ಹುಡಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಮೆಲ್ಲಗೆ ಬಿರಿದು ಉದುರಿದರೆ ಹದ ಸರಿಯಿದೆ. ಒದ್ದೆ ಹಾಸಿಗೆ ಸುಣ್ಣ ಹಾಕಿ ಗೂಡು ಮುಚ್ಚುವವರೂ ಇದ್ದಾರೆ. ಸುಣ್ಣ ಬಿದ್ದ ಕೂಡಲೇ ಅಮೋನಿಯ ಇನ್ನಷ್ಟು ಏಳುತ್ತದೆ. ಸುಣ್ಣ ಹಾಕುವುದಾದರೆ ಕೋಳಿಗಳನ್ನು ಹೊರಗೆ ಬಿಟ್ಟು, ಎಲ್ಲ ತೆರೆದಿಟ್ಟು ಹಾಕಿ.

ಬಿಸಿ ನಿಜವಾಗಿ ಬೇಕಾದ್ದು ಮರಿಗಳಿಗೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಗರಿ ಬರುವ ತನಕ. ಮರಿಗೆ ಹೇಳಿದ ಮಾತನ್ನು ಹೇಂಟೆಗೂ ಹಚ್ಚಿದ್ದರಿಂದಲೇ ಇಷ್ಟೆಲ್ಲ ತಾಪತ್ರಯ ಅಂತ ನನ್ನ ಅಂದಾಜು.

ಹಾಗಾದರೆ ಗೂಡು ಹೇಗಿರಬೇಕು? ಉದ್ದ ಮೂಡು-ಪಡುವಾಗಿರಲಿ, ಬಿಸಿಲು ನೇರ ಒಳಗೆ ನುಗ್ಗುವುದಿಲ್ಲ. ನೆಲ ಅಂಗಳದಿಂದ ಒಂದೂವರೆ ಅಡಿ ಎತ್ತರ. ಕೆಂಪು ಕಲ್ಲಿನ ಒಂದಡಿ ಗೋಡೆ, ಅದರ ಮೇಲೆ ಮಾಡಿನ ತನಕ ಬಲೆ. ಬಲೆ ಅರ್ಧ ಇಂಚಿನ ವೆಲ್ಡ್ ಮೆಶ್ ಆಗಿರಲಿ. ದೊಡ್ಡ ಕಣ್ಣಿನ ತೆಳು ಬಲೆ ಕೀರಿಗೂ ಹಾವಿಗೂ ಲೆಕ್ಕಕ್ಕಿಲ್ಲ. ಮಾಡು ಮೂರಡಿ ಹೊರಗೆ ಚಾಚಿದರೆ ಇರಿಚಲು ಬಹುಪಾಲು ನಿಲ್ಲುತ್ತದೆ. ಪಡುಗಾಳಿ ಹೊಡೆಯುವ ಬದಿಗೆ ಮಾತ್ರ ಟರ್ಪಾಲು ಕಟ್ಟಿ. ಅದೂ ಕೆಳಗಿನಿಂದ ಮೇಲಕ್ಕೆ ಎಳೆಯುವ ಹಾಗೆ. ಮಾಡಿನ ಕೆಳಗೆ ಒಂದಡಿ ಯಾವಾಗಲೂ ತೆರೆದೇ ಇರಲಿ. ಬಿಸಿ ತೇವದ ಗಾಳಿ ಹೋಗುವುದು ಅಲ್ಲಿಂದಲೇ. ಕೋಳಿಗೊಂದಕ್ಕೆ ಎರಡು ಚದರಡಿ ಜಾಗ, ಕೂರಲು ಅಡ್ಡಕೋಲು, ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆ ಪೆಟ್ಟಿಗೆ. ಹತ್ತು ಕೋಳಿಗೆ ಇಷ್ಟು ಧಾರಾಳ.

ನೀವು ಕೇಳಲಿಲ್ಲ, ಆದರೆ ಮೇ ತಿಂಗಳಲ್ಲಿ ಖಂಡಿತ ಕೇಳುತ್ತೀರಿ: ಮೊಟ್ಟೆ ಸಿಪ್ಪೆ ಯಾಕೆ ಇಷ್ಟು ತೆಳು? ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಜಜ್ಜಿ ಹಾಕಿದರೂ ಕೈಯಲ್ಲೇ ಒಡೆಯುತ್ತದಲ್ಲ? ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಉಸಿರು ಬಿಟ್ಟೂ ಬಿಟ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಸಿಪ್ಪೆ ಅಂದರೆ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿನಿಂದ ಕ್ಯಾಲ್ಸಿಯಂ ಸಿಕ್ಕಿತು, ಕಾರ್ಬೊನೇಟಿಗೆ ಎಲ್ಲಿಗೆ ಹೋಗಬೇಕು? ಸಾಲದ್ದಕ್ಕೆ ಸೆಕೆಗೆ ಮೇವೂ ಕಡಿಮೆ ತಿನ್ನುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಏದುಸಿರು ಬಿಟ್ಟರೂ ಬೇಗ ತಂಪಾಗುವುದಿಲ್ಲ. ಹಾಗಾಗಿ ಆಗಲೂ ಬೇಕಾದ್ದು ಗಾಳಿಯೇ. ಶೀಟಿನ ಮಾಡಿಗೆ ಅಡಿಕೆ ಸೋಗೆ ಹೊದೆಸಿ. ಮೇವನ್ನು ಬೆಳಕು ಹರಿಯುವಾಗ, ಮತ್ತೆ ಹೊತ್ತು ಇಳಿದ ಮೇಲೆ ಕೊಡಿ. ನಡು ಮಧ್ಯಾಹ್ನ ಬೇಡ. ಕುಡಿಯುವ ನೀರನ್ನು ನೆರಳಲ್ಲಿಟ್ಟು, ಹನ್ನೊಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಇನ್ನೊಮ್ಮೆ ಬಾವಿಯಿಂದ ಸೇದಿದ ತಣ್ಣನೆ ನೀರಿಗೆ ಬದಲಾಯಿಸಿ. ಚಿಪ್ಪು ಬೇರೆ ತಟ್ಟೆಯಲ್ಲಿರಲಿ, ಬೇಕಾದಷ್ಟು ಅವೇ ಹೆಕ್ಕಿಕೊಳ್ಳುತ್ತವೆ.